ಜನವಿರಳ ಹಿಮಗಿರಿಯಲ್ಲಿ ರಜೆ: ನೌಪಾಡಾದಲ್ಲೊಂದು ಸಂವಾದ

ಹಿಮದ ಇಳಿಜಾರಿನಲ್ಲಿ ಪಾದಗಳಿಗೆ ಉದ್ದನೆಯ ಪಟ್ಟಿಗಳನ್ನು ಬಿಗಿದುಕೊಂಡು ಜಾರುವ ಸ್ಕೀಯಿಂಗ್ ಎಂಬ ಆಟವು ಮುಂಬಯಿ ಮತ್ತು ಠಾಣೆಯ ಕನ್ನಡ ಕುಟುಂಬಗಳ ರಜೆಯ ಲೆಕ್ಕಾಚಾರದೊಳಗೆ ಬಂದದ್ದು ಇತ್ತೀಚೆಗೆ. ಬೇಸಿಗೆಯಲ್ಲಿ ಊರಿಗೆ ಹೋಗುವುದು, ಕ್ಷೇತ್ರದರ್ಶನ ಮಾಡುವುದು, ನಡುವೆ ಬಿಡುವಾದರೆ ಮಹಾಬಲೇಶ್ವರಕ್ಕೋ ಮಾಥೇರಾನಿಗೋ ಎರಡು ದಿನ ಹೋಗಿಬರುವುದು, ಇಷ್ಟೇ ಬಹುಕಾಲ ಅವರ ಪಾಲಿಗೆ ಪ್ರವಾಸವಾಗಿತ್ತು. ಠಾಣೆ ನಿಲ್ದಾಣದ ಪಶ್ಚಿಮಕ್ಕೆ, ಗೋಖಲೆ ರಸ್ತೆ, ರಾಮ ಮಾರುತಿ ರಸ್ತೆ ಮತ್ತು ಘಂಟಾಳಿ ದೇವಿಯ ಗುಡಿಯ ಆಸುಪಾಸಿನಲ್ಲಿ ಹರಡಿರುವ ನೌಪಾಡಾದಲ್ಲಿ ನಡೆಯುವ ಈ ಸಂವಾದದಲ್ಲಿ ಇಬ್ಬರಿದ್ದಾರೆ. ಒಬ್ಬರು ಭೂಗೋಳ ಕಲಿಸಿ ನಿವೃತ್ತರಾದ, ಹಿಮಾಲಯದ ಚಾರಣಗಳಲ್ಲಿ ಪಳಗಿದ ಅಧ್ಯಾಪಕಿ. ಇನ್ನೊಬ್ಬನು ಅವರ ಬಳಿ ಓದಿ, ಈಗ ಐರೋಲಿಯ ಕಚೇರಿಯೊಂದರಲ್ಲಿ ದುಡಿಯುತ್ತಿರುವ, ಹೆಂಡತಿ, ಮಗಳು ಮತ್ತು ತಾಯಿಯೊಡನೆ ಚಳಿಗಾಲದ ಪ್ರವಾಸವೊಂದನ್ನು ಯೋಜಿಸುತ್ತಿರುವ ಶಿಷ್ಯ.

ಶಿಷ್ಯ: ಟೀಚರ್, ಫೆಬ್ರವರಿಯಲ್ಲಿ ಮನೆಯವರೆಲ್ಲ ಸೇರಿ ಸ್ಕೀಯಿಂಗಿಗೆ ಹೋಗುವ ಯೋಚನೆ ನಡೆದಿದೆ. ಎಲ್ಲರೂ ಗುಲ್ಮಾರ್ಗಿನ ಹೆಸರನ್ನೇ ಹೇಳುತ್ತಾರೆ. ಆದರೆ ದಿನವೂ ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಹೆಗಲಿಗೆ ಹೆಗಲು ತಾಗಿಸಿಕೊಂಡು ನಡೆಯುವವರಿಗೆ ರಜೆಯಲ್ಲಿಯೂ ಸಾಲಿನಲ್ಲಿ ನಿಲ್ಲುವ ಮನಸ್ಸಿರುವುದಿಲ್ಲ. ಪೇಟೆಯಿಂದ ದೂರವಾದ, ಜನರಿಲ್ಲದ ಒಂದು ಹಿಮದ ಊರು ಇದ್ದರೆ ತಿಳಿಸಿ.

ಅಧ್ಯಾಪಕಿ: ಅಂಥ ಊರುಗಳಿವೆ. ಆದರೆ ಯಾವ ಜನಸಂದಣಿಯಿಂದ ದೂರ ಇರಬೇಕೆಂಬುದನ್ನು ಮೊದಲು ಬಿಡಿಸಿ ನೋಡಬೇಕು, ಏಕೆಂದರೆ ಹಿಮದ ಊರುಗಳಿಗೆ ಬರುವವರಲ್ಲಿ ಎರಡು ಬಗೆಯವರಿರುತ್ತಾರೆ. ಹಿಮವನ್ನು ಕಂಡು, ಮುಟ್ಟಿ, ಬಾಡಿಗೆಯ ಕೋಟು ತೊಟ್ಟು ಫೋಟೊ ತೆಗೆಸಿಕೊಂಡು ಸಂಜೆಯೊಳಗೆ ಇಳಿದುಹೋಗುವವರು ಒಂದು ಬಗೆ. ಸ್ಕೀ ಕಟ್ಟಿಕೊಂಡು ದಿನಗಟ್ಟಲೆ ಅಲ್ಲಿಯೇ ಉಳಿಯುವವರು ಇನ್ನೊಂದು ಬಗೆ. ಗುಲ್ಮಾರ್ಗಿನ ಗೊಂಡೋಲಾ, ಅಂದರೆ ಉಕ್ಕಿನ ಹಗ್ಗದ ಆಧಾರದಲ್ಲಿ ಸಾಲಾಗಿ ಮೇಲೇರುವ ಮುಚ್ಚಿದ ಕೋಣೆಗಳ ವ್ಯವಸ್ಥೆ, 1998ರಲ್ಲಿ ಕೊಂಗ್‌ಡೂರಿಯವರೆಗೂ 2005ರಲ್ಲಿ ಸುಮಾರು 3,950 ಮೀಟರ್ ಎತ್ತರದ ಅಫರ್ವತ್ ಪರ್ವತದ ಪಾರ್ಶ್ವದವರೆಗೂ ತಲುಪಿತು. ಅದನ್ನು ಹತ್ತಲು ಸಾಲಿನಲ್ಲಿ ನಿಲ್ಲುವವರಲ್ಲಿ ಬಹುಪಾಲು ಮೊದಲ ಬಗೆಯವರು. ಮೇಲಿನ ನಿಲ್ದಾಣದಿಂದ ಸ್ಕೀಯಲ್ಲಿ ಕೆಳಗಿಳಿಯುವ ಕೆಲವರು ಆ ವಿಸ್ತಾರದಲ್ಲಿ ಚದುರಿಹೋಗಿ ಒಬ್ಬರ ಕಣ್ಣಿಗೆ ಇನ್ನೊಬ್ಬರು ಬೀಳುವುದೇ ಅಪರೂಪ. ಹಾಗಾಗಿ ಚೆನ್ನಾಗಿ ಸ್ಕೀ ಬಲ್ಲವನಿಗೆ ಗುಲ್ಮಾರ್ಗ್ ಇಂದಿಗೂ ಜನವಿರಳ ತಾಣವೇ. ಆದರೆ ಹೊಸಬರು ಕಲಿಯುವುದು ಕೆಳಗಿನ ಸೌಮ್ಯ ಇಳಿಜಾರಿನ ಹುಲ್ಲುಗಾವಲಿನಲ್ಲಿ, ಮತ್ತು ನೋಡಲು ಬಂದವರ ಗುಂಪು, ಸ್ಲೆಡ್ಜ್ ಎಳೆಯುವವರು, ಚಹದ ಅಂಗಡಿಗಳು ಎಲ್ಲವೂ ನೆರೆಯುವುದು ಅದೇ ಜಾಗದಲ್ಲಿ. ಸಂದಣಿಯನ್ನು ಸಹಿಸಬೇಕಾಗಿ ಬರುವುದು ಕಲಿಯುವವರಿಗೆ.

ಶಿಷ್ಯ: ಅಂದರೆ ಕಲಿತವರಿಗೆ ಮಾತ್ರ ಏಕಾಂತ ಲಭ್ಯ ಎಂದಾಯಿತು. ಮೂಲತಃ ಇದು ಯುರೋಪಿನವರ ಆಟವಾದ್ದರಿಂದ ಕರಾವಳಿಯ, ಬಯಲುಸೀಮೆಯ ಜನರಿಗೆ ಅದು ಒಗ್ಗುವುದೇ ಎಂಬ ಸಂಶಯವೂ ಮನೆಯಲ್ಲಿ ಎದ್ದಿದೆ.

ಅಧ್ಯಾಪಕಿ: ಆ ಸಂಶಯಕ್ಕೆ ಉತ್ತರ ಕೊಡಗಿನಲ್ಲಿದೆ. ಗುಲ್ಮಾರ್ಗಿನಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು 1927ರಲ್ಲಿಯೇ ಸ್ಕೀ ಕ್ಲಬ್ಬನ್ನು ಕಟ್ಟಿದ್ದರೂ, ಸ್ವತಂತ್ರ ಭಾರತದ ಸೇನೆಯ ಸ್ಕೀ ಶಾಲೆ ಅಲ್ಲಿ ಆರಂಭವಾದದ್ದು 1948ರ ಡಿಸೆಂಬರಿನಲ್ಲಿ. ಕಾಶ್ಮೀರದ ಯುದ್ಧದಲ್ಲಿ 19ನೇ ಪದಾತಿ ಡಿವಿಜನ್ನನ್ನು ಮುನ್ನಡೆಸುತ್ತಿದ್ದ, ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯನವರು ಅದನ್ನು ಸ್ಥಾಪಿಸಿದರು. ಇಂದು ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಎಂದು ಹೆಸರಾದ, ಎತ್ತರದ ಪರ್ವತಗಳಲ್ಲಿ ಸೈನಿಕರನ್ನು ತಯಾರು ಮಾಡುವ ಸಂಸ್ಥೆ ಬೆಳೆದದ್ದು ಆ ಶಾಲೆಯಿಂದಲೇ. ಅದೇ ಕೊಡಗಿನ ತೆಕ್ಕಡ ಭವಾನಿ ಎಂಬ ಕ್ರೀಡಾಪಟು ಈಗ ಖೇಲೊ ಇಂಡಿಯಾ ಚಳಿಗಾಲದ ಕೂಟಗಳಲ್ಲಿ ನಾರ್ಡಿಕ್ ಸ್ಕೀಯಿಂಗಿನ ಚಿನ್ನವನ್ನು ಕರ್ನಾಟಕಕ್ಕೆ ತಂದಿದ್ದಾರೆ. ನಾರ್ಡಿಕ್ ಅಥವಾ ಕ್ರಾಸ್‌ಕಂಟ್ರಿ ಎಂದರೆ ಹಿಮ್ಮಡಿಯನ್ನು ಪಟ್ಟಿಗೆ ಬಿಗಿಯದೆ, ಏರು ತಗ್ಗುಗಳ ಹಿಮದ ಹಾದಿಯಲ್ಲಿ ಕಿಲೋಮೀಟರುಗಟ್ಟಲೆ ತಾನೇ ತಳ್ಳಿಕೊಂಡು ಸಾಗುವ ಬಗೆ. ಹಿಮ್ಮಡಿಯನ್ನೂ ಬಿಗಿದು ಇಳಿಜಾರಿನಲ್ಲಿ ಕೆಳಗಿಳಿಯುವುದು ಆಲ್ಪೈನ್ ಬಗೆ, ರಜೆಗೆ ಹೋಗುವವರು ಸಾಮಾನ್ಯವಾಗಿ ಕಲಿಯುವುದು ಇದನ್ನು. ಈ ಆಲ್ಪೈನ್ ಬಗೆಯಲ್ಲಿ, ನೆಟ್ಟ ಕೋಲುಗಳ ನಡುವೆ ತಿರುಗುತ್ತ ಇಳಿಯುವ ಸ್ಲಾಲಮ್ ಸ್ಪರ್ಧೆಯನ್ನು ಈಗಿನ ರೂಪದಲ್ಲಿ 1922ರಲ್ಲಿ ಸ್ವಿಟ್ಸರ್ಲೆಂಡಿನ ಮ್ಯೂರೆನ್ ಎಂಬ ಹಳ್ಳಿಯಲ್ಲಿ ನಡೆಸಿದ ಆರ್ನಲ್ಡ್ ಲನ್ ಹುಟ್ಟಿದ್ದು 1888ರಲ್ಲಿ, ಮದ್ರಾಸಿನಲ್ಲಿ. ಆತನ ತಂದೆ ಹೆನ್ರಿ ಲನ್ ಅಲ್ಲಿ ಮೆಥಡಿಸ್ಟ್ ಮಿಶನರಿಯಾಗಿದ್ದು, ಇಂಗ್ಲೆಂಡಿಗೆ ಮರಳಿದ ಮೇಲೆ ಚಳಿಗಾಲದಲ್ಲಿ ಆಲ್ಪ್ಸ್ ಪರ್ವತಗಳಿಗೆ ಪ್ರವಾಸ ಕರೆದೊಯ್ಯುವ ವ್ಯವಹಾರವನ್ನು ಬೆಳೆಸಿದವನು. ಯಾರ ರಕ್ತದಲ್ಲಿಯೂ ಹಿಮ ಇರುವುದಿಲ್ಲ; ಕಲಿಸುವವರು ಮತ್ತು ಸಾಕಷ್ಟು ದಿನಗಳು ಸಿಕ್ಕಿದವರಿಗೆ ಅದು ಬರುತ್ತದೆ.

ಶಿಷ್ಯ: ಹಾಗಾದರೆ ಕಲಿಯಲಿಕ್ಕೂ ಇಂಬಿರುವ, ಗುಂಪೂ ಕಡಿಮೆಯಿರುವ ಜಾಗ ಯಾವುದು?

ಅಧ್ಯಾಪಕಿ: ಉತ್ತರಾಖಂಡದ ಚಮೋಲಿ ಜಿಲ್ಲೆಯ ಔಲಿಯನ್ನು ಮೊದಲು ಪರಿಶೀಲಿಸಬೇಕು. ಶಿಮ್ಲಾದಿಂದ ಟಿಬೆಟ್ ಕಡೆಗೆ ಹೋಗುವ ಹಳೆಯ ಹೆದ್ದಾರಿಯ ಮೇಲಿರುವ ನಾರ್ಕಂಡಾ, ಕುಮಾವೂನಿನ ಮುನ್ಸಿಯಾರಿ, ಉತ್ತರಕಾಶಿಯ ಮೇಲಿನ ದಯಾರಾ ಬುಗ್ಯಾಲ್ ಇವೂ ಇವೆ. ಬುಗ್ಯಾಲ್ ಎಂದರೆ ಮರಗಳು ಬೆಳೆಯುವ ಎತ್ತರದ ಗಡಿಯನ್ನು ದಾಟಿದ ಮೇಲೆ ಸಿಗುವ, ಬೇಸಿಗೆಯಲ್ಲಿ ಕುರಿಗಳು ಮೇಯುವ, ಚಳಿಗಾಲದಲ್ಲಿ ಹಿಮದಡಿ ಮುಚ್ಚಿಹೋಗುವ ವಿಶಾಲ ಹುಲ್ಲುಗಾವಲು. ದಯಾರಾದಂಥ ಕಡೆ ಯಂತ್ರಗಳಿಲ್ಲ. ಸ್ಕೀಯ ತಳಕ್ಕೆ ನಾರಿನ ಪಟ್ಟೆ ಅಂಟಿಸಿಕೊಂಡು, ಆ ನಾರು ಹಿಂದಕ್ಕೆ ಜಾರಲು ಬಿಡದ ಬಲದಲ್ಲಿ ನಡೆದೇ ಹತ್ತಿ, ಆಮೇಲೆ ಪಟ್ಟೆ ಕಿತ್ತು ಇಳಿಯಬೇಕು. ಅದು ನುರಿತವರ ದಾರಿ. ಔಲಿಯಲ್ಲಿ ಹಾಗಲ್ಲ, ಸುಮಾರು 2,500ರಿಂದ 3,000 ಮೀಟರ್ ಎತ್ತರದ ನಡುವೆ ಹದಗೊಳಿಸಿದ ಇಳಿಜಾರು, ಚೇರ್‌ಲಿಫ್ಟ್ ಮತ್ತು ತರಬೇತಿ ಮೂರೂ ಇವೆ. ಎದುರಿಗೆ 7,816 ಮೀಟರಿನ ನಂದಾದೇವಿ. ಇಂಡೊ ಟಿಬೆಟನ್ ಬಾರ್ಡರ್ ಪೊಲೀಸರ ಪರ್ವತಾರೋಹಣ ಮತ್ತು ಸ್ಕೀ ಸಂಸ್ಥೆ 1973ರಿಂದ ಅಲ್ಲಿದೆ. ಗಢವಾಲ್ ಮಂಡಲ ವಿಕಾಸ ನಿಗಮ, ಅಂದರೆ ಆ ಪ್ರದೇಶದ ಸರ್ಕಾರಿ ಪ್ರವಾಸೋದ್ಯಮ ನಿಗಮ, ಸಾರ್ವಜನಿಕರಿಗಾಗಿ 7 ಮತ್ತು 14 ದಿನಗಳ ಶಿಬಿರಗಳನ್ನು ನಡೆಸುತ್ತ ಬಂದಿದೆ. 2011ರ ಜನವರಿಯಲ್ಲಿ ನಡೆದ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಹಿಮದ ಸ್ಪರ್ಧೆಗಳು ಇದೇ ಇಳಿಜಾರಿನಲ್ಲಿ ಜರುಗಿದವು.

ಶಿಷ್ಯ: ಇಷ್ಟೆಲ್ಲ ಇದ್ದರೂ ಗುಂಪು ಕಡಿಮೆ ಎಂದರೆ ಕಾರಣವೇನು?

ಅಧ್ಯಾಪಕಿ: ದಾರಿ. ಲೋಕಮಾನ್ಯ ತಿಲಕ ಟರ್ಮಿನಸ್ಸಿನಿಂದ ಹರಿದ್ವಾರಕ್ಕೆ ರೈಲಿನಲ್ಲಿ ಒಂದು ಹಗಲು ರಾತ್ರಿಗಿಂತ ಹೆಚ್ಚು ಕಳೆದು, ಹೃಷೀಕೇಶದಿಂದ ಸುಮಾರು 250 ಕಿಲೋಮೀಟರು ಅಲಕನಂದೆಯ ಕಣಿವೆಯಲ್ಲಿ, ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗಗಳನ್ನು ಒಂದೊಂದಾಗಿ ದಾಟುತ್ತ ಬೆಳಗಿನಿಂದ ಸಂಜೆಯವರೆಗೆ ಸಾಗಿದರೆ ಜೋಶಿಮಠ ಸಿಗುತ್ತದೆ. ಅಲ್ಲಿಂದ ತಿರುವುಗಳ ರಸ್ತೆಯಲ್ಲಿ ಇನ್ನೂ ಮೇಲೆ ಔಲಿ. ಡೆಹರಾಡೂನಿಗೆ ವಿಮಾನದಲ್ಲಿ ಹೋದರೂ ಬೆಟ್ಟದ ಆ ಇಡೀ ದಿನದ ರಸ್ತೆ ತಪ್ಪುವುದಿಲ್ಲ. ಶ್ರೀನಗರದ ವಿಮಾನ ನಿಲ್ದಾಣದಿಂದ ಗುಲ್ಮಾರ್ಗಿಗೆ ಎರಡು ಗಂಟೆಯ ಹಾದಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಒಂದು ತಾಣದಲ್ಲಿ ಎಷ್ಟು ಜನ ಸೇರುತ್ತಾರೆ ಎಂಬುದನ್ನು ಹಿಮದ ಸೊಬಗಿಗಿಂತ ಹೆಚ್ಚಾಗಿ ರಸ್ತೆಯ ಗಂಟೆಗಳು ನಿರ್ಧರಿಸುತ್ತವೆ ಎಂಬುದು ತಿಳಿಯುತ್ತದೆ. ಹಿಮಾಚಲದಲ್ಲಿ ಇದು ಎಲ್ಲರ ಕಣ್ಣೆದುರೇ ರುಜುವಾತಾಯಿತು. 3,978 ಮೀಟರಿನ ರೋಹತಾಂಗ್ ಕಣಿವೆಮಾರ್ಗ ಹಿಮದಿಂದ ಮುಚ್ಚಿದೊಡನೆ ಚಳಿಗಾಲವಿಡೀ ಹೊರಜಗತ್ತಿನಿಂದ ಬೇರೆಯಾಗುತ್ತಿದ್ದ ಲಾಹೌಲ್, 2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಅರ್ಧ ದಿನದಲ್ಲಿ ಹೋಗಿಬರುವ ಜಾಗವಾಯಿತು. ಸುರಂಗದಾಚೆಯ ಸಿಸ್ಸು ಎಂಬ ಹಳ್ಳಿಯಲ್ಲಿ ವಾಹನಗಳ ಸಾಲು ಸಾಮಾನ್ಯ ನೋಟವಾಯಿತು. ಚಳಿಗಾಲದ ದೇವಕಾರ್ಯಗಳ ದಿನಗಳಲ್ಲಿ ಪ್ರವಾಸಿಗರು ಬರಬಾರದೆಂದು ಅಲ್ಲಿಯ ಊರವರೇ ತೀರ್ಮಾನಿಸಬೇಕಾಗಿ ಬಂದದ್ದುಂಟು.

ಶಿಷ್ಯ: ಈ ಮಾತಿನಲ್ಲಿ ಒಂದು ಅನ್ಯಾಯ ಅಡಗಿದೆಯೆಂದು ತೋರುತ್ತದೆ, ಟೀಚರ್. ಸುರಂಗ ಬರುವ ಮುನ್ನ ಲಾಹೌಲಿನ ರೋಗಿಯೊಬ್ಬ ಚಳಿಗಾಲದಲ್ಲಿ ಆಸ್ಪತ್ರೆ ತಲುಪಬೇಕಾದರೆ ಹೆಲಿಕಾಪ್ಟರಿಗೆ ಕಾಯಬೇಕಾಗಿತ್ತು. ಠಾಣೆಯಲ್ಲಿ ಲೋಕಲ್ ರೈಲು, ಮೆಟ್ರೊ, ಫ್ಲೈಓವರ್ ಬೇಕೆನ್ನುವವರು, ಹಿಮಾಲಯದವರಿಗೆ ಮಾತ್ರ ರಸ್ತೆ ಇಲ್ಲದಿರಲಿ, ರಜೆಯ ನಾಲ್ಕು ದಿನ ನೆಮ್ಮದಿ ಸಿಗಲಿ ಎನ್ನುವುದು ಹೇಗೆ ಸರಿ?

ಅಧ್ಯಾಪಕಿ: ಸರಿಯಲ್ಲ. ಊರಿನವರ ಕಷ್ಟವನ್ನು ಪ್ರವಾಸಿಯ ಸುಖಕ್ಕಾಗಿ ಉಳಿಸಿಕೊಳ್ಳಬೇಕೆಂದು ವಾದಿಸುವವರ ಪಕ್ಷವನ್ನು ವಹಿಸಲಾಗದು. ರಸ್ತೆ ಬೇಕು, ಆಸ್ಪತ್ರೆ ಬೇಕು, ಸುರಂಗವೂ ಬೇಕಾಗಬಹುದು. ಪ್ರಶ್ನೆ ಇರುವುದು, ಆ ರಸ್ತೆಯ ಮೇಲೆ ಪ್ರವಾಸಿಗರು ಹೇಗೆ ಬರುತ್ತಾರೆ ಎಂಬಲ್ಲಿ. ಜೋಶಿಮಠವನ್ನೇ ತೆಗೆದುಕೊಂಡು ನೋಡು. ಆ ಊರು ನಿಂತಿರುವುದು ಗಟ್ಟಿ ಬಂಡೆಯ ಮೇಲಲ್ಲ, ಹಿಂದೆಂದೋ ಬೆಟ್ಟ ಕುಸಿದಾಗ ಬಂದು ನೆಲೆನಿಂತ ಕಲ್ಲುಮಣ್ಣಿನ ರಾಶಿಯ ಮೇಲೆ. ಭಾರಿ ಕಟ್ಟಡಗಳನ್ನು ಕಟ್ಟಬಾರದು, ಸಿಡಿಮದ್ದು ಬಳಸಬಾರದು, ಇಳಿಜಾರಿನ ಬಂಡೆಗಳನ್ನು ಕೀಳಬಾರದು ಎಂದು ಸರ್ಕಾರ ನೇಮಿಸಿದ್ದ ಮಿಶ್ರಾ ಸಮಿತಿ 1976ರಲ್ಲಿಯೇ ಎಚ್ಚರಿಸಿತ್ತು. 2021ರ ಫೆಬ್ರವರಿ 7ರಂದು ಸಮೀಪದ ಋಷಿಗಂಗಾ ಮತ್ತು ಧೌಲಿಗಂಗಾ ಕಣಿವೆಗಳಲ್ಲಿ ಬಂಡೆ ಮತ್ತು ಹಿಮ ಒಟ್ಟಿಗೆ ಕುಸಿದು ಬಂದ ಪ್ರವಾಹಕ್ಕೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು ಅಥವಾ ಕಾಣೆಯಾದರು. 2023ರ ಜನವರಿಯಲ್ಲಿ ಜೋಶಿಮಠದ ನೂರಾರು ಮನೆಗಳ ಗೋಡೆಗಳಲ್ಲಿ, ಅಂಗಳಗಳಲ್ಲಿ, ರಸ್ತೆಗಳಲ್ಲಿ ಬಿರುಕು ಬಿಟ್ಟು ಕುಟುಂಬಗಳು ಮನೆ ಬಿಡಬೇಕಾಯಿತು. ಜೋಶಿಮಠದಿಂದ ಔಲಿಗೆ ಏರುತ್ತಿದ್ದ ಸುಮಾರು 4 ಕಿಲೋಮೀಟರಿನ ರೋಪ್‌ವೇಯನ್ನು ಆಗ ನಿಲ್ಲಿಸಲಾಯಿತು. ಔಲಿಗೆ ಹೋಗುವ ಪ್ರತಿಯೊಬ್ಬನೂ ಈ ಊರನ್ನು ಹಾದುಹೋಗುತ್ತಾನೆ, ಇಲ್ಲಿಯ ನೀರು ಕುಡಿಯುತ್ತಾನೆ, ಅವನ ಕೊಳೆನೀರು ಇಲ್ಲಿಯ ಮಣ್ಣಿಗೇ ಇಳಿಯುತ್ತದೆ.

ಶಿಷ್ಯ: ಅಂಥ ಊರಿಗೆ ಹೋಗದಿರುವುದೇ ಒಳ್ಳೆಯದಲ್ಲವೆ?

ಅಧ್ಯಾಪಕಿ: ಹಾಗೂ ಅಲ್ಲ, ಚಳಿಗಾಲದಲ್ಲಿ ಬದರೀನಾಥದ ಬಾಗಿಲು ಮುಚ್ಚಿದ ಮೇಲೆ ಅಲ್ಲಿಯ ಜೀಪಿನವರಿಗೆ, ಢಾಬಾದವರಿಗೆ, ಸ್ಕೀ ಕಲಿಸುವ ಯುವಕರಿಗೆ ಔಲಿಯೇ ದುಡಿಮೆ. ಲೆಕ್ಕವನ್ನು ಬೇರೆ ರೀತಿಯಲ್ಲಿ ಹಾಕಬೇಕು. ಏಳು ನೂರು ಜನ ಒಂದೊಂದು ರಾತ್ರಿ ಉಳಿದರೂ, ನೂರು ಜನ ಏಳೇಳು ರಾತ್ರಿ ಉಳಿದರೂ ಊರಿನ ಕೊಠಡಿಗಳಿಗೆ ಸಿಗುವ ಬಾಡಿಗೆಯ ರಾತ್ರಿಗಳು ಒಂದೇ. ಆದರೆ ಆ ಬೆಟ್ಟದ ರಸ್ತೆಯ ಮೇಲೆ ಏರಿ ಇಳಿಯುವ ವಾಹನಗಳು ಎರಡನೆಯ ಬಗೆಯಲ್ಲಿ ಏಳನೆಯ ಒಂದು ಪಾಲು. ಇಳಿಜಾರಿನಲ್ಲಿ ಏಕಕಾಲಕ್ಕೆ ಕಾಣುವವರ ಸಂಖ್ಯೆಯೂ ಅಷ್ಟೇ ಉಳಿಯುತ್ತದೆ, ಆದರೆ ಅವರೆಲ್ಲರೂ ಪರಸ್ಪರ ಪರಿಚಿತರು, ಯಾರು ಎಲ್ಲಿ ಬೀಳುತ್ತಾರೆಂದು ಬಲ್ಲವರು. ಏಳು ದಿನ ಉಳಿದವನಿಗೆ ಕಲಿಸಲು ತರಬೇತುದಾರ ಬೇಕು, ಊಟಕ್ಕೆ ಅಡುಗೆಯವನು ಬೇಕು, ಒದ್ದೆ ಬೂಟು ಒಣಗಿಸಲು ಬುಖಾರಿಯ, ಅಂದರೆ ಸೌದೆ ಉರಿಸಿ ಕೋಣೆ ಕಾಯಿಸುವ ಒಲೆಯ ಬಳಿ ಜಾಗ ಬೇಕು. ಒಂದು ದಿನಕ್ಕೆ ಬಂದವನಿಗೆ ಬೇಕಾದದ್ದು ವಾಹನ ನಿಲ್ಲಿಸುವ ಜಾಗ, ಬಾಡಿಗೆಯ ಬೂಟು ಮತ್ತು ನೂಡಲ್ಸ್. ಸ್ಕೀಯಿಂಗ್ ಕಲಿಯುವ ರಜೆ ಬೆಟ್ಟಕ್ಕೆ ಹಗುರವಾಗುವುದು ಈ ಕಾರಣದಿಂದ. ದೂರದ ತಾಣ ಬೇಕೆನ್ನುವವರು ಆ ದೂರಕ್ಕೆ ತಕ್ಕಷ್ಟು ದಿನ ಅಲ್ಲಿ ಉಳಿಯಲು ಸಿದ್ಧರಿರಬೇಕು.

ಶಿಷ್ಯ: ಆದರೆ ಎಲ್ಲರೂ ಹಾಗೆ ತಾವಾಗಿಯೇ ನಡೆದುಕೊಳ್ಳುತ್ತಾರೆಂದು ನಂಬಲಾಗದು.

ಅಧ್ಯಾಪಕಿ: ನಂಬಬೇಕಾಗಿಲ್ಲ, ನಿಯಮವೂ ಬೇಕು. ಅದರ ಉದಾಹರಣೆಗೆ ಹಿಮಾಲಯದವರೆಗೆ ಹೋಗುವುದೂ ಬೇಡ. 1850ರಲ್ಲಿ ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಪಾಯಿಂಟ್ಸ್ ಮ್ಯಾಲೆಟ್ ಮಾಥೇರಾನಿನ ಗುಡ್ಡವನ್ನು ಹತ್ತಿ ಅದನ್ನು ಗಿರಿಧಾಮವೆಂದು ಗುರುತಿಸಿದನು. 1907ರಲ್ಲಿ ಆದಂಜಿ ಪೀರ್‌ಭಾಯ್ ಅವರ ಕುಟುಂಬ ನೇರಳದಿಂದ ಅಲ್ಲಿಗೆ ಕಿರುರೈಲು ಹಾಕಿಸಿತು. 2003ರಲ್ಲಿ ಆ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಲಾಯಿತು. ಇಂದಿಗೂ ಖಾಸಗಿ ಕಾರುಗಳು ಊರಿನ ಹೊರಗೆ, ದಸ್ತೂರಿ ನಾಕಾದಲ್ಲಿಯೇ ನಿಲ್ಲಬೇಕು.

ಶಿಷ್ಯ: ಶನಿವಾರ ಭಾನುವಾರ ಮಾಥೇರಾನಿನಲ್ಲಿ ಕಾಲಿಡಲು ಜಾಗವಿರುವುದಿಲ್ಲವಲ್ಲ.

ಅಧ್ಯಾಪಕಿ: ನಿಜ, ಸಂದಣಿ ತಪ್ಪಿಲ್ಲ, ಆದರೆ ಕೆಂಪುಮಣ್ಣಿನ ಹಾದಿ ಹಾದಿಯಾಗಿಯೇ ಉಳಿದಿದೆ, ಕಾಡು ಕಾಡಾಗಿಯೇ ಉಳಿದಿದೆ, ಮಂಗಳವಾರ ಹೋದವರಿಗೆ ಹಕ್ಕಿಯ ದನಿ ಕೇಳುತ್ತದೆ. ಕರ್ನಾಟಕದ ಕುಮಾರ ಪರ್ವತದಲ್ಲಿಯೂ 2024ರ ಜನವರಿಯಲ್ಲಿ ಚಾರಣಿಗರು ಒಮ್ಮೆಲೇ ಸಾವಿರಗಟ್ಟಲೆ ನೆರೆದ ಮೇಲೆ ಅರಣ್ಯ ಇಲಾಖೆ ಮುಂಗಡ ನೋಂದಣಿಯನ್ನೂ ದಿನದ ಮಿತಿಯನ್ನೂ ತಂದಿತು. ಔಲಿಯಲ್ಲಿ 2019ರ ಜೂನಿನಲ್ಲಿ ನಡೆದ ಒಂದು ಭಾರಿ ಮದುವೆಯ ಸಂಭ್ರಮ ಬುಗ್ಯಾಲಿನ ಮೇಲೆ ಕಸದ ರಾಶಿಯನ್ನು ಬಿಟ್ಟುಹೋದಾಗ ಉತ್ತರಾಖಂಡದ ಹೈಕೋರ್ಟೇ ಮಧ್ಯೆ ಬರಬೇಕಾಯಿತು. ಇದನ್ನೆಲ್ಲ ಬಲ್ಲವನು ತಾನು ಹೋಗುವ ಊರಿನ ನಿಯಮವನ್ನು ಕಿರಿಕಿರಿಯೆಂದು ಭಾವಿಸುವುದಿಲ್ಲ.

ಶಿಷ್ಯ: ಇನ್ನು ಕಲಿಕೆಯ ವಿಷಯ. ಏಳು ದಿನಗಳಲ್ಲಿ ಏನು ಬರಬಹುದು?

ಅಧ್ಯಾಪಕಿ: ಮೊದಲ ದಿನ ಬೂಟಿನಲ್ಲಿಯೇ ಕಳೆಯುತ್ತದೆ, ಮತ್ತು ಕಳೆಯಬೇಕು. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು, ಹರಡು ಬಾಗದಂತೆ ಹಿಡಿಯುವ ಬಕಲುಗಳುಳ್ಳದ್ದು. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕಿದರೆ ರಕ್ತ ಓಡದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ, ಆದ್ದರಿಂದ ಸುಕ್ಕಿಲ್ಲದ ಒಂದೇ ಜೊತೆ ಉಣ್ಣೆಯ ಚೀಲ ಸಾಕು. ಬೂಟಿನ ಅಡಿಗೆ ಹತ್ತಿದ ಹಿಮವನ್ನು ಕೋಲಿನ ತುದಿಯಿಂದ ಕೆರೆದು ತೆಗೆದು, ಮುಂಗಾಲನ್ನು ಬೈಂಡಿಂಗಿನ, ಅಂದರೆ ಬೂಟನ್ನು ಪಟ್ಟಿಗೆ ಹಿಡಿದಿಡುವ ಕೊಂಡಿಯ ಬಾಯಿಗಿಟ್ಟು ಹಿಮ್ಮಡಿಯನ್ನು ಒತ್ತಬೇಕು. ಹಿಮ ಉಳಿದಿದ್ದರೆ ಅದು ಕಚ್ಚಿಕೊಳ್ಳುವುದೇ ಇಲ್ಲ. ಬಿದ್ದಾಗ ಕಾಲು ತಿರುಚದಂತೆ ಬೂಟನ್ನು ತಾನಾಗಿ ಬಿಟ್ಟುಕೊಡುವುದೂ ಈ ಬೈಂಡಿಂಗಿನ ಕೆಲಸ, ಮತ್ತು ಅದು ಎಷ್ಟು ಬಲಕ್ಕೆ ಬಿಡಬೇಕೆಂಬುದನ್ನು ಪ್ರತಿಯೊಬ್ಬರ ತೂಕ, ವಯಸ್ಸು, ಪರಿಣತಿ ನೋಡಿ ಹೊಂದಿಸಬೇಕಾದ್ದರಿಂದ, ಮಗಳಿಗೆ ಹೊಂದಿಸಿದ ಸ್ಕೀಯನ್ನು ತಂದೆ ಕಟ್ಟಿಕೊಳ್ಳಬಾರದು. ಆಮೇಲೆ ಪಟ್ಟಿಗಳನ್ನು ಇಳಿಜಾರಿಗೆ ಅಡ್ಡವಾಗಿಟ್ಟು, ಮೇಲ್ಬದಿಯ ಅಂಚನ್ನು ಹಿಮಕ್ಕೆ ಕಚ್ಚಿಸಿ, ಪಕ್ಕಪಕ್ಕಕ್ಕೆ ಹೆಜ್ಜೆಯಿಡುತ್ತ ಹತ್ತುವುದನ್ನು ಕಲಿಸುತ್ತಾರೆ. ಈ ಹತ್ತುವಿಕೆಯಲ್ಲಿಯೇ ಠಾಣೆಯವರಿಗೆ ಬೆವರು ಇಳಿಯುತ್ತದೆ, ತೊಟ್ಟ ಎರಡು ಸ್ವೆಟರುಗಳಲ್ಲಿ ಒಂದು ಸೊಂಟಕ್ಕೆ ಬರುತ್ತದೆ.

ಶಿಷ್ಯ: ಇಳಿಯುವುದು?

ಅಧ್ಯಾಪಕಿ: ನಿಂತಲ್ಲಿ ಒಂದು ತಂಬಿಗೆ ನೀರು ಚೆಲ್ಲಿದರೆ ಅದು ಹರಿದುಹೋಗುವ ದಿಕ್ಕಿಗೆ ಫಾಲ್ ಲೈನ್ ಎನ್ನುತ್ತಾರೆ, ಸ್ಕೀ ಯಾವಾಗಲೂ ಆ ದಿಕ್ಕಿಗೇ ಎಳೆಯುತ್ತದೆ, ಮತ್ತು ಕಲಿಕೆಯೆಂದರೆ ಆ ಸೆಳೆತವನ್ನು ಹತೋಟಿಗೆ ತರುವುದು. ಪಟ್ಟಿಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ, ಒಳಗಿನ ಅಂಚುಗಳಿಂದ ಹಿಮವನ್ನು ತಳ್ಳುವ ಸ್ನೋಪ್ಲೋ ಎಂಬ ನಿಲುವಿನಲ್ಲಿ ವೇಗ ತಗ್ಗುತ್ತದೆ. ಅದೇ ನಿಲುವಿನಲ್ಲಿ ಬಲಗಾಲಿಗೆ ಭಾರ ಕೊಟ್ಟರೆ ಎಡಕ್ಕೂ, ಎಡಗಾಲಿಗೆ ಕೊಟ್ಟರೆ ಬಲಕ್ಕೂ ತಿರುಗುತ್ತದೆ. ಕಷ್ಟ ಇರುವುದು ಮನಸ್ಸಿನಲ್ಲಿ. ಇಳಿಜಾರು ಕಂಡೊಡನೆ ಹೆದರಿದ ದೇಹ ಹಿಂದಕ್ಕೆ, ಬೆಟ್ಟದ ಕಡೆಗೆ ವಾಲುತ್ತದೆ; ಹಿಂದಕ್ಕೆ ವಾಲಿದೊಡನೆ ಮುಂತುದಿಯ ಮೇಲಿನ ಭಾರ ತಪ್ಪಿ, ಪಟ್ಟಿಗಳು ಹೇಳಿದ ಮಾತು ಕೇಳದೆ ಓಡಿಬಿಡುತ್ತವೆ. ಮೊಣಕಾಲ ಕೆಳಗಿನ ಎಲುಬು ಬೂಟಿನ ನಾಲಗೆಯನ್ನು ಒತ್ತುತ್ತಿರುವಂತೆ ಮುಂದಕ್ಕೆ, ಕಣಿವೆಯ ಕಡೆಗೆ ದೇಹವನ್ನು ಒಪ್ಪಿಸಿದರೆ ಮಾತ್ರ ಅವು ವಶಕ್ಕೆ ಬರುತ್ತವೆ. ಇದನ್ನು ದೇಹ ನಂಬಲು ಮೂರು ನಾಲ್ಕು ದಿನ ಹಿಡಿಯುತ್ತದೆ. ಮಕ್ಕಳು ಬೇಗ ನಂಬುತ್ತಾರೆ. ವಾರದ ಕೊನೆಗೆ ಸೌಮ್ಯ ಇಳಿಜಾರಿನಲ್ಲಿ ತಿರುವುಗಳನ್ನು ಒಂದಕ್ಕೊಂದು ಹೆಣೆದು ನಿಲ್ಲದೆ ಇಳಿಯಲು ಸಾಧ್ಯವಾದರೆ ಅದು ಒಳ್ಳೆಯ ಫಲ. ಎರಡು ದಿನದ ಪ್ಯಾಕೇಜಿನಲ್ಲಿ ಹೋದವರು ಹೆದರಿಕೆಯ ಹಂತದಲ್ಲಿಯೇ ಮರಳಿಬಿಡುತ್ತಾರೆ, ಅದೊಂದು ನಷ್ಟ.

ಶಿಷ್ಯ: ಜನವಿರಳ ಜಾಗದಲ್ಲಿ ಅಪಾಯವೂ ಹೆಚ್ಚಲ್ಲವೆ?

ಅಧ್ಯಾಪಕಿ: ಹೆಚ್ಚೇ. ಹಿಮಕುಸಿತ, ಅಂದರೆ ಇಳಿಜಾರಿನ ಮೇಲೆ ಪದರಪದರವಾಗಿ ಕುಳಿತ ಹಿಮ ಒಳಗಿನ ಒಂದು ದುರ್ಬಲ ಪದರ ಮುರಿದು ಹಲಗೆಯಾಗಿ ಜಾರಿಬರುವುದು, ಹೆಚ್ಚಾಗಿ 30ರಿಂದ 45 ಡಿಗ್ರಿ ಇಳುಕಲಿನಲ್ಲಿ ಸಂಭವಿಸುತ್ತದೆ. ಗುಲ್ಮಾರ್ಗಿನ ಮೇಲ್ಭಾಗದಲ್ಲಿ 2023 ಮತ್ತು 2024ರ ಫೆಬ್ರವರಿಗಳಲ್ಲಿ ನುರಿತ ವಿದೇಶಿ ಸ್ಕೀಯರುಗಳೇ ಹೀಗೆ ಮೃತಪಟ್ಟರು. ಹಿಮದಡಿ ಹೂತವನು ಬದುಕುವ ಸಾಧ್ಯತೆ ಮೊದಲ ಹದಿನೈದು ನಿಮಿಷಗಳಾದ ಮೇಲೆ ವೇಗವಾಗಿ ಕುಸಿಯುವುದರಿಂದ, ಅವನನ್ನು ಉಳಿಸಬಲ್ಲವರು ದೂರದಿಂದ ಬರುವ ರಕ್ಷಣಾ ತಂಡದವರಲ್ಲ, ಜೊತೆಯಲ್ಲಿರುವವರು. ಅದಕ್ಕಾಗಿ ಒಬ್ಬರಿಂದೊಬ್ಬರಿಗೆ ಸಂಕೇತ ಕಳಿಸುವ ಬೀಕನ್, ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಸಲಾಕೆ, ಗುದ್ದಲಿ ಇವು ಮೂರೂ ಪ್ರತಿಯೊಬ್ಬರ ಬೆನ್ನಿನ ಮೇಲಿರಬೇಕು, ಬಳಸುವ ಅಭ್ಯಾಸವೂ ಇರಬೇಕು. ಕಲಿಯುವವರು ಹದಗೊಳಿಸಿದ ಇಳಿಜಾರನ್ನು ಬಿಟ್ಟು ಆಚೆಗೆ ಹೋಗಲೇಬಾರದು. ರಕ್ಷಣಾ ಸಂಶೋಧನಾ ಸಂಸ್ಥೆಯ ಅಂಗವಾದ ಡಿ.ಜಿ.ಆರ್.ಇ. ಪ್ರಕಟಿಸುವ ಹಿಮಕುಸಿತದ ಮುನ್ಸೂಚನೆಯನ್ನು ತರಬೇತುದಾರರು ದಿನವೂ ನೋಡುತ್ತಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಇವಕ್ಕಿಂತ ಸಣ್ಣದಾಗಿ ಕಾಣುವ ಇನ್ನೊಂದು ಅಪಾಯ ಬಿಸಿಲಿನದು: ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇಕಡ 80ರವರೆಗೆ ಹಿಂದಕ್ಕೆ ಎರಚುತ್ತದೆ, ಕಪ್ಪು ಕನ್ನಡಕವಿಲ್ಲದೆ ಒಂದು ಮಧ್ಯಾಹ್ನ ಕಳೆದವರಿಗೆ ರಾತ್ರಿ ಕಣ್ಣು ತೆರೆಯಲಾಗದಷ್ಟು ಉರಿ ಬರುತ್ತದೆ.

ಶಿಷ್ಯ: ತಾಯಿಗೆ ಎಪ್ಪತ್ತು ದಾಟಿದೆ. ಅವರನ್ನು ಕರೆದೊಯ್ಯಬಹುದೆ?

ಅಧ್ಯಾಪಕಿ: ವೈದ್ಯರನ್ನು ಕೇಳಿ ತೀರ್ಮಾನಿಸಬೇಕು, ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗಿ ತಲೆನೋವು, ವಾಕರಿಕೆ ಕಾಣಿಸಿಕೊಳ್ಳುವ ಎತ್ತರ ಸಾಮಾನ್ಯವಾಗಿ 2,500 ಮೀಟರಿನಿಂದ ಆರಂಭವಾಗುತ್ತದೆ, ಔಲಿ ಸರಿಯಾಗಿ ಅದರ ಮೇಲಿದೆ. ಜೋಶಿಮಠ ಸುಮಾರು 1,900 ಮೀಟರಿನಲ್ಲಿರುವುದರಿಂದ ಎಲ್ಲರೂ ಅಲ್ಲಿ ಎರಡು ರಾತ್ರಿ ತಂಗಿ ದೇಹವನ್ನು ಹೊಂದಿಸಿಕೊಂಡು ಮೇಲೇರುವುದು ಕ್ಷೇಮ. ತಾಯಿಯವರು ಬೇಕಾದರೆ ಜೋಶಿಮಠದಲ್ಲಿಯೇ ಉಳಿಯಬಹುದು, ಮತ್ತು ಅವರಿಗೆ ಅದು ಎರಡನೆಯ ದರ್ಜೆಯ ರಜೆಯಾಗದು: ಶಂಕರಾಚಾರ್ಯರು ಸ್ಥಾಪಿಸಿದರೆಂದು ಪರಂಪರೆ ಹೇಳುವ ನಾಲ್ಕು ಮಠಗಳಲ್ಲಿ ದಕ್ಷಿಣದ್ದು ಶೃಂಗೇರಿಯಾದರೆ ಉತ್ತರದ್ದು ಇಲ್ಲಿಯ ಜ್ಯೋತಿರ್ಮಠ, ಬದರೀನಾಥದ ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ಪೂಜೆ ನಡೆಯುವುದು ಇದೇ ಊರಿನ ನರಸಿಂಹ ದೇವಾಲಯದಲ್ಲಿ. ಬೇಸಿಗೆಯ ಯಾತ್ರೆಯ ನೂಕುನುಗ್ಗಲಿಲ್ಲದೆ ಅಲ್ಲಿ ಕುಳಿತುಕೊಳ್ಳಲು ಚಳಿಗಾಲಕ್ಕಿಂತ ಒಳ್ಳೆಯ ಸಮಯವಿಲ್ಲ.

ಶಿಷ್ಯ: ಇಷ್ಟೆಲ್ಲ ಸಿದ್ಧತೆ ಮಾಡಿ ಹೋದ ಮೇಲೆ ಹಿಮವೇ ಇಲ್ಲದಿದ್ದರೆ?

ಅಧ್ಯಾಪಕಿ: ಆ ಸಾಧ್ಯತೆ ಈಗ ದೂರದ್ದಲ್ಲ. ಹಿಮಾಲಯಕ್ಕೆ ಚಳಿಗಾಲದ ಹಿಮವನ್ನು ತರುವುದು ಮುಂಗಾರು ಅಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಬರುವ, ಹವಾಮಾನ ವರದಿಗಳಲ್ಲಿ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಹೆಸರಾದ ವಾಯುಭಾರದ ಅಲೆಗಳು. ಅವು ತಡವಾದ ವರ್ಷ ಕಾಶ್ಮೀರವೂ ಬರಿದಾಗುತ್ತದೆ; 2024ರ ಜನವರಿಯಲ್ಲಿ ಗುಲ್ಮಾರ್ಗ್ ಕಂದು ಹುಲ್ಲಿನಲ್ಲಿಯೇ ಉಳಿಯಿತು, ಅಲ್ಲಿಯ ಖೇಲೊ ಇಂಡಿಯಾ ಕೂಟವನ್ನು ಫೆಬ್ರವರಿಯ ಕೊನೆಯ ಭಾಗಕ್ಕೆ ಮುಂದೂಡಬೇಕಾಯಿತು, 2025ರಲ್ಲಿ ಅದು ಮಾರ್ಚಿಗೇ ಹೋಯಿತು. ಔಲಿಯಲ್ಲಿ 2011ರ ಕೂಟಕ್ಕಾಗಿ ಕೃತಕ ಹಿಮ ಚಿಮ್ಮಿಸುವ ಯಂತ್ರಗಳನ್ನೂ ಅದಕ್ಕೆ ನೀರುಣಿಸುವ ಕೊಳವನ್ನೂ ಮಾಡಲಾಗಿತ್ತಾದರೂ, ಗಾಳಿಯೇ ಬೆಚ್ಚಗಿದ್ದರೆ ಯಂತ್ರದಿಂದ ಹೊರಟ ಹನಿ ಹಿಮವಾಗುವುದಿಲ್ಲ. ಫೆಬ್ರವರಿಯ ಮೊದಲ ಪಕ್ಷ ಹೆಚ್ಚು ಭರವಸೆಯದು. ಹಿಮ ಸಾಲದಿದ್ದರೆ ಸ್ಕೀಯನ್ನು ಬಿಟ್ಟು ಔಲಿಯ ಮೇಲಿನ ಓಕ್ ಕಾಡನ್ನು ಹಾದು ಗೋರ್ಸೋನ್ ಬುಗ್ಯಾಲಿಗೆ ನಡೆದುಹೋಗಬಹುದು. ಇಂಥ ವರ್ಷವನ್ನೂ ಸ್ವೀಕರಿಸುವ ಮನಸ್ಸಿಲ್ಲದವರು ಪರ್ವತಕ್ಕೆ ಹೊರಡದಿರುವುದು ಮೇಲು.

ಶಿಷ್ಯ: ಹಾಗಾದರೆ ಮೊದಲು ರೈಲಿನ ಟಿಕೆಟ್ ತೆಗೆಯಬೇಕೋ, ತರಬೇತಿಯ ಜಾಗ ಗೊತ್ತು ಮಾಡಬೇಕೋ?

ಅಧ್ಯಾಪಕಿ: ತರಬೇತಿಯ ಜಾಗ. ರೈಲಿನ ಮುಂಗಡ ಬುಕಿಂಗ್ ಈಗ ಅರವತ್ತು ದಿನ ಮೊದಲು ಮಾತ್ರ ತೆರೆಯುತ್ತದೆ, ಆದರೆ ಶಿಬಿರದ ಸ್ಥಾನಗಳು ಅದಕ್ಕಿಂತ ಮುಂಚೆಯೇ ತುಂಬಬಹುದು. ನಿಗಮಕ್ಕೆ ಪತ್ರ ಬರೆಯುವಾಗ ಪ್ರತಿಯೊಬ್ಬರ ಎತ್ತರ, ತೂಕ, ಬೂಟಿನ ಅಳತೆ ತಿಳಿಸು. ಮಗಳ ವಯಸ್ಸಿಗೆ ಪ್ರವೇಶವಿದೆಯೇ, ಅವಳ ಅಳತೆಯ ಬೂಟು ಅಲ್ಲಿದೆಯೇ ಎಂಬುದನ್ನು ಬೇರೆಯಾಗಿಯೇ ಕೇಳು. ಉತ್ತರ ಬರುವವರೆಗೆ ದಿನವೂ ಬೆಳಗ್ಗೆ ಠಾಣೆಯ ಯೇವೂರು ಗುಡ್ಡದ ಏರುರಸ್ತೆಯನ್ನು ಹತ್ತಿ ಇಳಿಯುತ್ತಿರಿ, ತೊಡೆಗಳಿಗೆ ಬಲ ಬೇಕಾಗುತ್ತದೆ.